ನ್ಯಾಯಮೂರ್ತಿ ರಾನಡೆಯವರ ಬಾಳು ಮತ್ತು ಎದೆಯ ಮುನ್ಸೂಚನೆ

ದಾದರ ಸ್ಟೇಷನ್ನಿನ ಪಶ್ಚಿಮ ದಿಕ್ಕಿಗೆ ಇಳಿದು ನಾಲ್ಕು ಹೆಜ್ಜೆ ನಡೆದವರಿಗೆ ರಾನಡೆ ರಸ್ತೆಯ ಪರಿಚಯವಿಲ್ಲದೆ ಇರಲಾರದು. ನಮ್ಮವರಲ್ಲಿ ಎಷ್ಟೋ ಮಂದಿ ಆ ಸುತ್ತಿನ ಹೊಟೇಲುಗಳಲ್ಲಿ ದುಡಿದು ಊರಿಗೆ ಹಣ ಕಳುಹಿಸಿದವರು. ಎಷ್ಟೋ ಮಂದಿ ಗುಮಾಸ್ತರು ಆಪೀಸಿನಿಂದ ಮರಳುವಾಗ ಅಲ್ಲಿಯೇ ತರಕಾರಿ ಕೊಂಡು ಗಾಡಿ ಹತ್ತುವವರು. ಆ ಹೆಸರನ್ನು ನಿತ್ಯ ಉಚ್ಚರಿಸುವ ನಾವು ಅದರ ಒಡೆಯರಾದ ಮಹನೀಯರ ಬಾಳನ್ನು ಒಮ್ಮೆಯಾದರೂ ತಿಳಿದುಕೊಳ್ಳುವುದು ಯುಕ್ತ. ಅದರಲ್ಲಿಯೂ ಅವರ ಬಾಳಿನ ಕೊನೆಯ ವರ್ಷದ ವೃತ್ತಾಂತವು ಬೆವರು ಸುರಿಸಿ ದುಡಿಯುವ ನಮ್ಮಂಥವರಿಗೆ ಅತ್ಯಂತ ಉಪಯುಕ್ತವಾದುದೆಂದು ನನಗೆ ತೋರಿರುವುದರಿಂದ, ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮಹಾದೇವ ಗೋವಿಂದ ರಾನಡೆಯವರು 1842ನೆಯ ಇಸವಿ ಜನವರಿ 18ರಂದು ನಾಸಿಕ ಜಿಲ್ಲೆಯ ನಿಫಾಡದಲ್ಲಿ ಜನಿಸಿದರು. ತಂದೆ ಗೋವಿಂದರಾಯರು ಕೊಲ್ಲಾಪುರ ಸಂಸ್ಥಾನದ ಸೇವೆಯಲ್ಲಿ ಇದ್ದುದರಿಂದ ಬಾಲಕನ ಮೊದಲ ವಿದ್ಯಾಭ್ಯಾಸವು ಕೊಲ್ಲಾಪುರದಲ್ಲಿ ನಡೆಯಿತು. ಮುಂದಿನ ಓದಿಗಾಗಿ ಹದಿಹರೆಯದಲ್ಲಿಯೇ ಮುಂಬಯಿಗೆ ಬಂದು ಎಲ್ಫಿನ್‌ಸ್ಟನ್ ವಿದ್ಯಾಲಯವನ್ನು ಸೇರಿದರು. ಊರನ್ನು ಬಿಟ್ಟು ಎಳೆಯ ವಯಸ್ಸಿನಲ್ಲಿ ಈ ನಗರಕ್ಕೆ ಬಂದವರಲ್ಲಿ ಅವರೂ ಒಬ್ಬರೆಂಬುದನ್ನು ನಮ್ಮ ಹುಡುಗರು ಗಮನಿಸಬೇಕು. ಮುಂಬಯಿ ವಿಶ್ವವಿದ್ಯಾನಿಲಯವು 1857ರಲ್ಲಿ ಸ್ಥಾಪನೆಯಾಯಿತು. 1859ರಲ್ಲಿ ನಡೆದ ಅದರ ಮೊದಲ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೆಲವೇ ಮಂದಿಯಲ್ಲಿ ರಾನಡೆಯವರೂ ಇದ್ದರು. 1862ರಲ್ಲಿ ಬಿ.ಎ., ತರುವಾಯ ಎಂ.ಎ., 1866ರಲ್ಲಿ ಎಲ್‌ಎಲ್.ಬಿ. ಹೀಗೆ ಒಂದಾದಮೇಲೊಂದು ಪದವಿಗಳು ಅವರಿಗೆ ಲಭಿಸಿದವು. ಆದರೆ ಹಗಲಿರುಳೆನ್ನದೆ ಓದಿದ ಪರಿಣಾಮವಾಗಿ ಅವರ ಕಣ್ಣುಗಳು ಕೆಟ್ಟವು. ಕೆಲವು ಕಾಲ ಪುಸ್ತಕವನ್ನು ಮುಟ್ಟಬಾರದೆಂಬಷ್ಟು ತೊಂದರೆಯಾಯಿತು. ಶರೀರವು ಕೊಟ್ಟ ಮೊದಲನೆಯ ಎಚ್ಚರಿಕೆಯದು. ಕಣ್ಣು ಸ್ವಲ್ಪ ಸುಧಾರಿಸಿದೊಡನೆ ಅವರು ಪುನಃ ಮೊದಲಿನಂತೆಯೇ ದುಡಿಯತೊಡಗಿದರು.

ಅಕ್ಕಲಕೋಟೆ, ಕೊಲ್ಲಾಪುರಗಳಲ್ಲಿ ಸ್ವಲ್ಪ ಕಾಲ ಅಧಿಕಾರದಲ್ಲಿದ್ದು, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅಧ್ಯಾಪಕರೂ ಆಗಿದ್ದು, 1871ರಲ್ಲಿ ಅವರು ಪುಣೆಗೆ ನ್ಯಾಯಾಧೀಶರಾಗಿ ಹೋದರು. ಅಲ್ಲಿ ಸಾರ್ವಜನಿಕ ಸಭೆಗೆ ಜೀವ ತುಂಬಿದರು. ವಿಧವಾವಿವಾಹ, ಸ್ತ್ರೀಶಿಕ್ಷಣ, ಸ್ವದೇಶೀ ಉದ್ಯಮ ಮೊದಲಾದ ಎಲ್ಲ ಸತ್ಕಾರ್ಯಗಳಿಗೂ ಹೆಗಲು ಕೊಟ್ಟರು. 1885ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಕೂಡಿದಾಗ ಅಲ್ಲಿ ಉಪಸ್ಥಿತರಿದ್ದರು. 1887ರಿಂದ ಸಾಮಾಜಿಕ ಪರಿಷತ್ತನ್ನು ಆರಂಭಿಸಿ ವರ್ಷಂಪ್ರತಿ ಅದನ್ನು ನಡೆಯಿಸಿಕೊಂಡು ಬಂದರು. ಗೋಪಾಲಕೃಷ್ಣ ಗೋಖಲೆಯವರಂಥ ಶಿಷ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿ ಬೆಳೆಸಿದರು. ಮೊದಲ ಪತ್ನಿಯು 1873ರಲ್ಲಿ ಗತಿಸಲು, ತಂದೆಯ ಒತ್ತಾಯಕ್ಕೆ ಮಣಿದು ಎಳೆಯ ಬಾಲಿಕೆಯಾದ ರಮಾಬಾಯಿಯವರನ್ನು ವರಿಸಿದುದು ಸುಧಾರಕರಾದ ಅವರಿಗೆ ಅಪಕೀರ್ತಿಯನ್ನು ತಂದಿತು. ಆದರೆ ಆ ಬಾಲಿಕೆಗೆ ತಾವೇ ಅಕ್ಷರ ಕಲಿಸಿ, ದೇಶವೇ ಮೆಚ್ಚುವಂಥ ವಿದುಷಿಯನ್ನಾಗಿ ಮಾಡಿದರು. ಆ ಮಹಾತಾಯಿಯು 1910ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ಸ್ಮೃತಿಗ್ರಂಥವು ಇಂದಿಗೂ ಮನೆಮನೆಗಳಲ್ಲಿ ಓದಲ್ಪಡುತ್ತಿದೆ.

ನ್ಯಾಯಮೂರ್ತಿ ಕಾಶೀನಾಥ ತ್ರ್ಯಂಬಕ ತೆಲಂಗರು 1893ರಲ್ಲಿ ಅಕಾಲಮರಣಕ್ಕೆ ತುತ್ತಾದಾಗ ಅವರ ಸ್ಥಾನದಲ್ಲಿ ರಾನಡೆಯವರು ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದರು. ಅಂದು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಇವೆಲ್ಲವೂ ಮುಂಬಯಿ ಇಲಾಖೆಗೆ ಸೇರಿದ್ದುದರಿಂದ, ಆ ಸೀಮೆಗಳ ಕನ್ನಡಿಗರ ವ್ಯಾಜ್ಯಗಳೂ ಕೊನೆಗೆ ಇದೇ ನ್ಯಾಯಾಲಯಕ್ಕೆ ಬರುತ್ತಿದ್ದವು. ಹಗಲೆಲ್ಲ ಕೋರ್ಟಿನ ಕೆಲಸ. ಬೆಳಗ್ಗೆ ಮತ್ತು ರಾತ್ರಿ ಓದು, ಬರೆಹ, ಪತ್ರವ್ಯವಹಾರ, ಬಂದವರೊಡನೆ ಸಮಾಲೋಚನೆ. ಮರಾಠರ ಉತ್ಕರ್ಷವನ್ನು ಕುರಿತ ಅವರ ಪ್ರಸಿದ್ಧ ಇತಿಹಾಸಗ್ರಂಥವು ಪ್ರಕಟವಾದುದು 1900ರಲ್ಲಿ. ದೊಡ್ಡ ಮೈಕಟ್ಟಿನ, ಭಾರವಾದ ಶರೀರದ ಮನುಷ್ಯರು, ಕುಳಿತಲ್ಲಿಯೇ ಕುಳಿತು ಮಾಡುವ ಕೆಲಸ, ನಿದ್ದೆ ಕಡಿಮೆ, ಮನಸ್ಸಿಗೆ ಬಿಡುವೆಂಬುದೇ ಇಲ್ಲ. ಹೃದಯದ ದೃಷ್ಟಿಯಿಂದ ಇವುಗಳಲ್ಲಿ ಒಂದೂ ಒಳ್ಳೆಯದಲ್ಲವೆಂದು ಇಂದಿನ ವೈದ್ಯರು ಹೇಳುತ್ತಾರೆ.

ಅದೇ 1900ನೆಯ ವರ್ಷದಲ್ಲಿ ಅವರಿಗೆ ಎದೆಯಲ್ಲಿ ನೋವು ಕಾಣಿಸಿಕೊಳ್ಳತೊಡಗಿತು. ಸೆಳೆತದಂತೆ ಬರುವುದು, ಹಿಂಡುವುದು, ಸ್ವಲ್ಪ ಹೊತ್ತಿನಲ್ಲಿ ಇಳಿದುಹೋಗುವುದು. ಇಳಿದುಹೋದ ಮೇಲೆ ಏನೂ ಆಗಿಲ್ಲವೆಂಬಂತೆ ಅವರು ಪುನಃ ಕಾಗದಪತ್ರಗಳನ್ನು ಕೈಗೆತ್ತಿಕೊಳ್ಳುವರು. ತಮ್ಮ ನೋವಿನಿಂದ ಮನೆಯವರು ಗಾಬರಿಗೊಳ್ಳಬಾರದೆಂಬುದು ಅವರ ಸ್ವಭಾವ. ಆದುದರಿಂದ ಸಹಿಸುವಷ್ಟನ್ನು ಸಹಿಸಿಕೊಂಡೇ ಇರುತ್ತಿದ್ದರು. ರಮಾಬಾಯಿಯವರಿಗಾದರೋ ಆ ತಿಂಗಳುಗಳು ಕಳವಳದಿಂದಲೇ ಕಳೆದವು. ವೈದ್ಯರು ವಿಶ್ರಾಂತಿಯನ್ನು ವಿಧಿಸಿದರು. ಆದರೆ ಕೆಲಸವನ್ನೇ ಉಸಿರಾಗಿಸಿಕೊಂಡವರಿಗೆ ವಿಶ್ರಾಂತಿಯೆಂಬ ಔಷಧವು ಎಲ್ಲಕ್ಕಿಂತ ಕಹಿಯಾದುದು.

ಆ ವರ್ಷದ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಕಾಂಗ್ರೆಸ್ ಅಧಿವೇಶನ. ಅದರ ಅಧ್ಯಕ್ಷರಾಗಿದ್ದವರು ನಮ್ಮ ಉತ್ತರ ಕನ್ನಡದ ಹೊನ್ನಾವರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಕೀರ್ತಿವಂತರಾದ ನಾರಾಯಣ ಗಣೇಶ ಚಂದಾವರಕರರು ಎಂಬುದು ನಮಗೆ ಅಭಿಮಾನದ ಸಂಗತಿ. ಕಾಂಗ್ರೆಸ್ಸಿನೊಡನೆಯೇ ಸಾಮಾಜಿಕ ಪರಿಷತ್ತೂ ಕೂಡುವುದಿತ್ತು. ಪ್ರತಿವರ್ಷವೂ ತಪ್ಪದೆ ಹೋಗುತ್ತಿದ್ದ ರಾನಡೆಯವರು ಈ ಸಲವೂ ಹೊರಡಲು ಸಿದ್ಧರಾಗಿದ್ದರು. ವೈದ್ಯರು ಕೂಡದೆಂದರು. ತಾವು ಸಿದ್ಧಪಡಿಸಿದ್ದ ಭಾಷಣವನ್ನು ಗೋಖಲೆಯವರ ಕೈಗಿತ್ತು ಕಳುಹಿಸಿ ತಾವು ಹಿಂದೆ ಉಳಿದರು. ಆ ಅಗಲಿಕೆಯು ಅವರನ್ನು ಬಹಳ ನೋಯಿಸಿತು. ವಸಿಷ್ಠ ವಿಶ್ವಾಮಿತ್ರರನ್ನು ಕುರಿತ ಆ ಭಾಷಣವೇ ಅವರ ಕೊನೆಯ ಸಂದೇಶವಾಯಿತು.

1901ರ ಜನವರಿಯಲ್ಲಿ ಅವರು ದೀರ್ಘ ರಜೆಯನ್ನು ಪಡೆದರು. ಆದರೆ ಆ ರಜೆಯು ಬಹು ತಡವಾಗಿ ಬಂದಿತ್ತು. ಜನವರಿ 16ರ ರಾತ್ರಿ ಹಳೆಯ ನೋವೇ ಪುನಃ ಬಂದಿತು. ಆದರೆ ಈ ಸಲ ಇಳಿಯಲಿಲ್ಲ. ಮುಂಬಯಿಯ ತಮ್ಮ ಮನೆಯಲ್ಲಿಯೇ ಅವರು ಕೊನೆಯುಸಿರೆಳೆದರು. ಇನ್ನೆರಡು ದಿನ ಕಳೆದಿದ್ದರೆ ಅವರಿಗೆ 59 ವರ್ಷ ತುಂಬುತ್ತಿತ್ತು. ಅದೇ ವರ್ಷ ಚಂದಾವರಕರರು ಹೈಕೋರ್ಟಿನ ಪೀಠವನ್ನೇರಿದರು. ರಮಾಬಾಯಿಯವರು ದುಃಖವನ್ನು ನುಂಗಿಕೊಂಡು, ಪುಣೆಯ ಸೇವಾಸದನದ ಮೂಲಕ ಸಹಸ್ರಾರು ಸ್ತ್ರೀಯರಿಗೆ ವಿದ್ಯೆ ಮತ್ತು ವೃತ್ತಿಶಿಕ್ಷಣವನ್ನು ಒದಗಿಸಿ, 1924ರಲ್ಲಿ ದಿವಂಗತರಾದರು.

ರಾನಡೆಯವರ ರೋಗವನ್ನು ವೈದ್ಯರು ಹೃದಯಶೂಲೆಯೆಂದು, ಎಂದರೆ ಆಂಜೈನಾ ಎಂದು ಗುರುತಿಸಿದ್ದರು. ಇದೇನೂ ಅಂದು ಹೊಸದಾಗಿ ಕಂಡ ರೋಗವಾಗಿರಲಿಲ್ಲ. ವಿಲಿಯಂ ಹೆಬರ್ಡನ್ ಎಂಬ ಆಂಗ್ಲ ವೈದ್ಯರು 1768ರಲ್ಲಿಯೇ ಲಂಡನ್ನಿನ ವೈದ್ಯರ ಸಭೆಯಲ್ಲಿ ಇದರ ಲಕ್ಷಣಗಳನ್ನು ನಿರೂಪಿಸಿದ್ದರು. 1772ರಲ್ಲಿ ಅದು ಅಚ್ಚಾಯಿತು. ನಡೆಯುವಾಗ, ಅದರಲ್ಲಿಯೂ ಏರು ಹತ್ತುವಾಗ ಹಾಗೂ ಊಟವಾದ ಕೂಡಲೆ ನಡೆದಾಗ ಎದೆಯಲ್ಲಿ ಹಿಂಡಿದಂತಹ ನೋವು ಬರುವುದೆಂದೂ, ನಿಂತ ಕೂಡಲೆ ಅದು ಮಾಯವಾಗುವುದೆಂದೂ ಅವರು ಗಮನಿಸಿದ್ದರು. ಅಂದಿನಿಂದ ಇಂದಿನವರೆಗೆ ಇದಕ್ಕಿಂತ ಸ್ಪಷ್ಟವಾದ ಗುರುತನ್ನು ಯಾರೂ ಹೇಳಿಲ್ಲವೆಂದರೂ ಸಲ್ಲುತ್ತದೆ. ನೋವನ್ನು ತತ್ಕಾಲಕ್ಕೆ ಇಳಿಸುವ ನೈಟ್ರೋಗ್ಲಿಸರಿನ್ ಔಷಧವು 1879ರಿಂದಲೇ ತಿಳಿದಿತ್ತು. ಆದರೆ ಹೃದಯದ ಸ್ಥಿತಿಯನ್ನು ಹೊರಗಿನಿಂದ ಅಳೆದು ಕಾಗದದ ಮೇಲೆ ತೋರಿಸುವ ಉಪಾಯವಿರಲಿಲ್ಲ. ಹಾಲೆಂಡಿನ ಐಂಥೋವನ್ ಎಂಬ ವಿಜ್ಞಾನಿಯು ಇಂದಿನ ಇ.ಸಿ.ಜಿ.ಗೆ ಮೂಲವಾದ ಯಂತ್ರವನ್ನು ಕುರಿತು ಮೊದಲು ಬರೆದುದು 1901ರಲ್ಲಿ. ಎಂದರೆ ರಾನಡೆಯವರು ತೀರಿಕೊಂಡ ವರ್ಷದಲ್ಲಿಯೇ. ಅವರ ವೈದ್ಯರಿಗೆ ವಿಶ್ರಾಂತಿಯೊಂದನ್ನು ಬಿಟ್ಟು ಹೆಚ್ಚಿನ ಸಾಧನಗಳಿರಲಿಲ್ಲ. ನಮಗಾದರೋ ಎಲ್ಲ ಸಾಧನಗಳೂ ಇವೆ, ಇಲ್ಲದುದು ಗಮನವೊಂದೇ.

ಈ ಮಾತನ್ನು ನಾನು ಅನ್ಯರನ್ನು ದೂಷಿಸುವುದಕ್ಕಾಗಿ ಬರೆಯುತ್ತಿಲ್ಲ. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾನು ಹೊಟೇಲು ನಡೆಸಿದವನು. ನಮ್ಮ ಅಡುಗೆಮನೆಯಲ್ಲಿ ದೋಸೆಯ ಕಲ್ಲಿನ ಮುಂದೆ ನಿಲ್ಲುತ್ತಿದ್ದ ಒಬ್ಬ ಸಜ್ಜನನಿದ್ದ. ನಲವತ್ತು ದಾಟಿರಲಿಲ್ಲ. ಒಂದು ವಾರದಿಂದ ಹಿಟ್ಟಿನ ಪಾತ್ರೆಯನ್ನು ಎತ್ತುವಾಗ ಎದೆ ಬಿಗಿಯುತ್ತದೆಂದೂ ಎಡಗೈ ಸೋಲುತ್ತದೆಂದೂ ಹೇಳುತ್ತಿದ್ದ. ಗ್ಯಾಸಾಗಿರಬೇಕೆಂದು ನಾನು ಸೋಡಾ ತರಿಸಿ ಕೊಟ್ಟೆ, ಅವನು ತೇಗಿದ, ನೋವು ಇಳಿಯಿತು, ನಾವಿಬ್ಬರೂ ಸಮಾಧಾನಪಟ್ಟೆವು. ನೋವು ಇಳಿದುದು ಸೋಡಾದಿಂದಲ್ಲ, ಐದು ನಿಮಿಷ ಕುಳಿತುದರಿಂದ ಎಂಬುದು ನನಗೆ ತಿಳಿದುದು ಬಹಳ ಕಾಲದ ಮೇಲೆ. ಗಣೇಶ ಚೌತಿಯ ನೂಕುನುಗ್ಗಲು ಮುಗಿದ ಮೇಲೆ ಡಾಕ್ಟರರಲ್ಲಿಗೆ ಹೋಗುವುದೆಂದು ನಿಶ್ಚಯಿಸಿದ್ದೆವು. ಚೌತಿಯ ಮೂರು ದಿನ ಮುಂಚೆ, ಬೆಳಗಿನ ಜಾವ, ಅವನು ಮಲಗಿದಲ್ಲಿಯೇ ಹೋಗಿಬಿಟ್ಟ. ಊರಿನಲ್ಲಿದ್ದ ಅವನ ಪತ್ನಿಗೆ ಸುದ್ದಿ ತಿಳಿಸಿದವನು ನಾನು. ಆ ಫೋನಿನ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ರಾನಡೆಯವರ ಬಾಳನ್ನು ಓದಿದಾಗ ನನಗೆ ನೆನಪಾದವನು ಅವನೇ.

ಹೃದಯಕ್ಕೆ ರಕ್ತವನ್ನೊದಗಿಸುವ ನಾಳಗಳು ಒಳಗೆ ಜಿಡ್ಡು ಕಟ್ಟಿ ಇಕ್ಕಟ್ಟಾಗುತ್ತವೆ. ಸುಮ್ಮನೆ ಕುಳಿತಾಗ ಬೇಕಾಗುವಷ್ಟು ರಕ್ತವು ಹೇಗೋ ಸಾಗುತ್ತದೆ. ಭಾರವೆತ್ತುವಾಗ, ಮೆಟ್ಟಲೇರುವಾಗ, ಹೊಟ್ಟೆತುಂಬ ಉಂಡು ನಡೆಯುವಾಗ, ಕೋಪಗೊಂಡಾಗ ಹೃದಯವು ಹೆಚ್ಚು ರಕ್ತವನ್ನು ಬೇಡುತ್ತದೆ. ಇಕ್ಕಟ್ಟಾದ ನಾಳವು ಕೊಡಲಾರದು. ಆಗ ಹೃದಯದ ಮಾಂಸವು ನೋವಿನ ರೂಪದಲ್ಲಿ ಮೊರೆಯಿಡುತ್ತದೆ. ಇದೇ ಹೃದಯಶೂಲೆ. ಜಿಡ್ಡಿನ ಮೇಲೆ ರಕ್ತ ಹೆಪ್ಪುಗಟ್ಟಿ ನಾಳವು ಪೂರ್ಣವಾಗಿ ಮುಚ್ಚಿದರೆ ಮುಂದಿನ ಮಾಂಸವು ಸಾಯತೊಡಗುತ್ತದೆ. ಅದೇ ಹೃದಯಾಘಾತ.

ಮೊದಲನೆಯದರ ಗುರುತುಗಳನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎದೆಯ ನಡುಭಾಗದಲ್ಲಿ ಭಾರ, ಬಿಗಿತ, ಉರಿ ಅಥವಾ ಹಿಂಡಿದ ಅನುಭವ. ಅದು ಎಡಗೈಗೆ, ಭುಜಕ್ಕೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ, ಒಮ್ಮೊಮ್ಮೆ ಹೊಟ್ಟೆಯ ಮೇಲ್ಭಾಗಕ್ಕೆ ಹರಡುವುದು. ಶ್ರಮದಿಂದ ಬರುವುದು, ಕೆಲವು ನಿಮಿಷ ನಿಂತರೆ ಹೋಗುವುದು. ಎಷ್ಟೋ ಮಂದಿ ಇದನ್ನು ನೋವೆಂದೇ ಕರೆಯುವುದಿಲ್ಲ; ಎದೆಯ ಮೇಲೆ ಏನೋ ಇಟ್ಟಂತೆ ಎನ್ನುತ್ತಾರೆ. ನಮ್ಮ ಮುಂಬಯಿಯಲ್ಲಿ ಇದನ್ನು ಗಮನಿಸಲು ಸ್ಟೇಷನ್ನಿನ ಮೇಲ್ಸೇತುವೆಯೇ ಸಾಕು. ಕಳೆದ ತಿಂಗಳು ಒಂದೇ ಉಸಿರಿಗೆ ಹತ್ತುತ್ತಿದ್ದ ಮೆಟ್ಟಲುಗಳನ್ನು ಈ ತಿಂಗಳು ನಡುವೆ ಕಂಬಿ ಹಿಡಿದು ನಿಂತು ಹತ್ತಬೇಕಾಗಿ ಬಂದರೆ, ಅದು ವಯಸ್ಸಾಯಿತೆಂದು ನಕ್ಕು ಬಿಡುವ ವಿಷಯವಲ್ಲ. ಆ ವಾರವೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ನೋವು ಹೊಸದಾಗಿ ಆರಂಭವಾಗಿದ್ದರೆ, ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಮೊದಲಿಗಿಂತ ಕಡಿಮೆ ಶ್ರಮಕ್ಕೇ ಬರುತ್ತಿದ್ದರೆ, ವಿಶ್ರಾಂತಿಯಲ್ಲಿರುವಾಗ ಅಥವಾ ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ ಆ ವಾರದವರೆಗೂ ಕಾಯಲಾಗದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನೋವು ಕುಳಿತರೂ ಇಳಿಯದೆ ಹತ್ತು ಹದಿನೈದು ನಿಮಿಷ ನಿಂತರೆ, ತಣ್ಣನೆಯ ಬೆವರು, ಏದುಸಿರು, ವಾಕರಿಕೆ, ತಲೆ ತಿರುಗುವಿಕೆ ಕೂಡಿದರೆ ಅದನ್ನು ಹೃದಯಾಘಾತವೆಂದೇ ಭಾವಿಸತಕ್ಕದ್ದು. ಅಡುಗೆಮನೆಯ ಬೆಂಕಿಯ ಮುಂದೆ ಎಲ್ಲರೂ ಬೆವರುತ್ತಾರೆ, ನಿಜ. ಆದರೆ ಬೆಂಕಿಯಿಂದ ದೂರ ಕುಳಿತ ಮೇಲೂ ಮೈ ತಣ್ಣಗಾಗಿ ಹಣೆಯಲ್ಲಿ ಬೆವರು ಇಳಿಯುತ್ತಿದ್ದರೆ ಆ ಬೆವರು ಬೇರೆ.

ಎದೆನೋವೇ ಇಲ್ಲದೆ ಬರುವ ಹೃದ್ರೋಗವೂ ಉಂಟು. ಸಕ್ಕರೆ ಕಾಯಿಲೆಯವರಲ್ಲಿ, ಸ್ತ್ರೀಯರಲ್ಲಿ ಮತ್ತು ವೃದ್ಧರಲ್ಲಿ ಬರಿಯ ಉಬ್ಬಸ, ಅತಿಯಾದ ಆಯಾಸ ಅಥವಾ ಅಜೀರ್ಣದಂತಹ ಸಂಕಟವೇ ಮುಂದಾಗಬಹುದು. ರಾನಡೆಯವರ ಶಿಷ್ಯರಾದ ಗೋಖಲೆಯವರೇ ಬಹುಕಾಲ ಸಕ್ಕರೆ ಕಾಯಿಲೆಯಿಂದ ಬಳಲಿ, ಹೃದಯದೌರ್ಬಲ್ಯದಿಂದ ಬರುವ ಉಬ್ಬಸಕ್ಕೆ ಗುರಿಯಾಗಿ, ವೈದ್ಯರ ಮಾತನ್ನು ಮೀರಿ ದುಡಿಯುತ್ತ, 1915ರ ಫೆಬ್ರವರಿ 19ರಂದು 48ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗುರುವಿಗೆ ನೋವಿನ ರೂಪದಲ್ಲಿ ಬಂದ ಎಚ್ಚರಿಕೆಯು ಶಿಷ್ಯರಿಗೆ ಉಸಿರಿನ ರೂಪದಲ್ಲಿ ಬಂದಿತು. ಮಲಗಿದರೆ ಉಸಿರು ಕಟ್ಟುವುದು, ನಡುರಾತ್ರಿ ಎದ್ದು ಕುಳಿತರೆ ಹಗುರವಾಗುವುದು, ಸಂಜೆಗೆ ಎರಡೂ ಪಾದಗಳು ಬಾತುಕೊಳ್ಳುವುದು, ಇವುಗಳನ್ನೂ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಹಗಲೆಲ್ಲ ನಿಂತು ದುಡಿಯುವವರು ಕಾಲು ಬಾತುದನ್ನು ನಿಂತುದರಿಂದಲೇ ಎಂದು ತಿಳಿಯುವುದು ಸಹಜ. ಉಬ್ಬಸವೂ ಜೊತೆಗಿದ್ದರೆ ಹಾಗೆ ತಿಳಿಯಕೂಡದು.

ಇಂತಹ ಸಮಯದಲ್ಲಿ ಮಾಡಬೇಕಾದುದು ಬಹಳವಿಲ್ಲ. ಕೆಲಸವನ್ನು ಕೂಡಲೆ ನಿಲ್ಲಿಸಿ ಕುಳಿತುಕೊಳ್ಳಬೇಕು. ನಡೆದುಹೋಗುವುದು, ಮೆಟ್ಟಲಿಳಿಯುವುದು, ತಾನೇ ವಾಹನ ಓಡಿಸುವುದು ಸಲ್ಲದು. ಮಹಾರಾಷ್ಟ್ರದಲ್ಲಿ 108ನೆಯ ನಂಬರಿಗೆ ಫೋನು ಮಾಡಿದರೆ ಅಂಬ್ಯುಲೆನ್ಸು ಉಚಿತವಾಗಿ ಬರುತ್ತದೆ. ಅದು ತಡವಾಗುವಂತಿದ್ದರೆ ಜೊತೆಗೊಬ್ಬರು ಟ್ಯಾಕ್ಸಿಯಲ್ಲಿ ಕರೆದೊಯ್ಯಬೇಕು. ಆಸ್ಪಿರಿನ್ ಒಗ್ಗದವರು ಮತ್ತು ರಕ್ತಸ್ರಾವದ ತೊಂದರೆಯುಳ್ಳವರು ಹೊರತು, ಉಳಿದವರು ವೈದ್ಯರ ಸೂಚನೆ ಕೇಳಿ 300 ಮಿಲಿಗ್ರಾಮಿನ ಆಸ್ಪಿರಿನ್ ಮಾತ್ರೆಯನ್ನು ಅಗಿದು ನುಂಗುವುದು ಹಿತಕರ. ಮತ್ತೊಬ್ಬರ ಹೃದಯದ ಮಾತ್ರೆಯನ್ನು ಕೇಳಿ ನಾಲಗೆಯಡಿ ಇಟ್ಟುಕೊಳ್ಳುವುದು ಅಪಾಯಕರ. ರಕ್ತದೊತ್ತಡ ಒಮ್ಮೆಲೆ ಕುಸಿಯಬಹುದು. ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲಿನ ನಾಯರ್, ಸಯನ್ ಆಸ್ಪತ್ರೆ, ವಿಲೆ ಪಾರ್ಲೆಯ ಕೂಪರ್ ಇವು ನಗರಸಭೆಯ ದೊಡ್ಡ ಆಸ್ಪತ್ರೆಗಳು, ಹಣವಿಲ್ಲವೆಂದು ಹಿಂಜರಿಯಬೇಕಾದುದಿಲ್ಲ. ನೋವಿನೊಡನೆ ಬಂದವರಿಗೆ ಹತ್ತು ನಿಮಿಷದೊಳಗೆ ಇ.ಸಿ.ಜಿ. ತೆಗೆಯಬೇಕೆಂಬುದು ವೈದ್ಯರ ನಿಯಮ. ಮೊದಲ ಇ.ಸಿ.ಜಿ. ಸರಿಯಿದ್ದ ಮಾತ್ರಕ್ಕೆ ರೋಗವಿಲ್ಲವೆಂದಾಗದು. ನೋವು ಮುಂದುವರಿದರೆ ಅದನ್ನು ಪುನಃ ತೆಗೆಯಬೇಕು, ರಕ್ತಪರೀಕ್ಷೆಯನ್ನೂ ಮಾಡಿಸಬೇಕು. ಮುಚ್ಚಿದ ನಾಳವನ್ನು ತೆರೆಯುವ ಚಿಕಿತ್ಸೆಯು ಮೊದಲ ಒಂದೆರಡು ಗಂಟೆಗಳಲ್ಲಿ ದೊರೆತರೆ ಹೆಚ್ಚು ಮಾಂಸ ಉಳಿಯುತ್ತದೆ.

ರೋಗಿಯು ಎಚ್ಚರತಪ್ಪಿ ಬಿದ್ದು ಸರಿಯಾಗಿ ಉಸಿರಾಡದಿದ್ದರೆ, ಎದೆಯ ನಟ್ಟನಡುವೆ ಎರಡೂ ಅಂಗೈಗಳನ್ನಿಟ್ಟು, ಐದು ಸೆಂಟಿಮೀಟರಿನಷ್ಟು ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತ ಸಹಾಯ ಬರುವವರೆಗೆ ನಿಲ್ಲಿಸದಿರಬೇಕು. ಪ್ರತಿಯೊಂದು ಹೊಟೇಲಿನಲ್ಲಿಯೂ ಇಬ್ಬರಾದರೂ ಇದನ್ನು ಕಲಿತಿರಬೇಕು.

ಹೊಟೇಲು ಮಾಲಿಕರಲ್ಲಿಯೂ ಆಪೀಸಿನ ಹಿರಿಯರಲ್ಲಿಯೂ ನನ್ನದೊಂದು ಬಿನ್ನಹವಿದೆ. ನಮ್ಮ ಹುಡುಗರು ನೋವನ್ನು ಹೇಳಿಕೊಳ್ಳದಿರುವುದಕ್ಕೆ ಮುಖ್ಯ ಕಾರಣ ದಿನದ ಸಂಬಳ ಹೋದೀತೆಂಬ ಭಯ, ಸೋಮಾರಿಯೆಂಬ ಮಾತು ಕೇಳಬೇಕಾದೀತೆಂಬ ಅಂಜಿಕೆ. ಹೈಕೋರ್ಟಿನ ನ್ಯಾಯಮೂರ್ತಿಗಳಿಗೆ ಅಂತಹ ಭಯವಿರಲಿಲ್ಲ. ಆದರೂ ಅವರು ಕರ್ತವ್ಯದ ಹೆಸರಿನಲ್ಲಿ ನೋವನ್ನು ನುಂಗಿಕೊಂಡರು. ಹೀಗಿರಲಾಗಿ ತಟ್ಟೆ ತೊಳೆಯುವ ಬಡವನು ನುಂಗಿಕೊಂಡರೆ ಆಶ್ಚರ್ಯವೇನು? ಆದುದರಿಂದ ಎದೆ ಬಿಗಿಯುತ್ತದೆಂದವನಿಗೆ ಆ ದಿನದ ಸಂಬಳವನ್ನು ಕಡಿಯದೆ, ಜೊತೆಗೊಬ್ಬನನ್ನು ಕೊಟ್ಟು ಆಸ್ಪತ್ರೆಗೆ ಕಳುಹಿಸುವ ಪದ್ಧತಿಯನ್ನು ನಾವೇ ಹಾಕಿಕೊಳ್ಳಬೇಕು. ಗ್ಯಾಸೆಂದು ತಿಳಿದುಬಂದರೆ ಒಂದು ಮಧ್ಯಾಹ್ನದ ನಷ್ಟ. ಇಲ್ಲದಿದ್ದರೆ ಊರಿನಲ್ಲಿರುವ ಒಂದು ಸಂಸಾರವು ಉಳಿದಂತಾಯಿತು. ಬೀಡಿ, ಸಿಗರೇಟು, ಗುಟ್ಕಾಗಳನ್ನು ಬಿಡುವುದು, ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು, ನಡುರಾತ್ರಿ ಉಂಡು ಅಲ್ಲಿಯೇ ಮಲಗುವ ಅಭ್ಯಾಸವನ್ನು ತಗ್ಗಿಸುವುದು, ಇವು ನಮ್ಮ ಕೈಯಲ್ಲಿಯೇ ಇವೆ. ಮನೆಯಲ್ಲಿ ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲಿ ಹೃದ್ರೋಗ ಬಂದಿದ್ದರೆ ಇನ್ನಷ್ಟು ಜಾಗರೂಕತೆ ಬೇಕು.

ನ್ಯಾಯಮೂರ್ತಿ ರಾನಡೆಯವರ ವಿದ್ವತ್ತನ್ನು ನಾವೆಲ್ಲರೂ ಪಡೆಯಲಾರೆವು. ಎಸ್.ಎಸ್.ಎಲ್.ಸಿ.ಗೆ ನಿಂತ ನನ್ನಂಥವನಿಗೆ ಅವರ ಗ್ರಂಥಗಳೇ ಭಾರ. ಆದರೆ ಅವರ ಕೊನೆಯ ವರ್ಷದಿಂದ ಕಲಿಯಬೇಕಾದುದನ್ನು ಕಲಿಯಲು ಪದವಿ ಬೇಕಾಗಿಲ್ಲ. ಇನ್ನು ಮುಂದೆ ರಾನಡೆ ರಸ್ತೆಯಲ್ಲಿ ಹಾದುಹೋಗುವಾಗ ವಾಚಕರು ಆ ಮಹನೀಯರನ್ನು ಸ್ಮರಿಸಲಿ. ಜೊತೆಗೆ, ಸೇತುವೆಯ ಮೆಟ್ಟಲನ್ನು ತಾವು ಇಂದು ಹೇಗೆ ಹತ್ತಿದೆವೆಂಬುದನ್ನೂ ಒಮ್ಮೆ ಸ್ಮರಿಸಿಕೊಳ್ಳಲಿ ಎಂದು ಪ್ರಾರ್ಥಿಸುತ್ತೇನೆ.